ಸಂತೆಕಲ್ಲು ಮತ್ತು ಮಂಜುಳಾ ಆಂಟಿಯ ಡಬ್ಬಿ

ಅಮೆರಿಕದ ನಾರ್ತ್‌ರಿಜ್‌ನ ನಮ್ಮ ಮನೆಯ ಬಾಲ್ಕನಿಯಲ್ಲಿ ಒಂದು ನೀಲಿ ಬಕೆಟ್ ಇತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಬಿಟ್ಟು ಆ ಮನೆಯ ಉಳಿದ ಸಂಗತಿಗಳನ್ನಷ್ಟೇ ಹೇಳಿದರೆ, ಎಂಥ ಚಂದದ ಬಾಲ್ಯ ಎಂದು ಯಾರಾದರೂ ಹೊಟ್ಟೆಕಿಚ್ಚು ಪಟ್ಟಾರು. ಚಂದವೇನೋ ಇತ್ತು. ಬೆಳಗ್ಗೆ ಎದ್ದರೆ ತೆಂಗಿನೆಣ್ಣೆಯ ಒಗ್ಗರಣೆಯ ಘಮ ಹಾಲ್‌ವರೆಗೆ ಬಂದು ಎಬ್ಬಿಸುತ್ತಿತ್ತು. ವುಡ್‌ಲ್ಯಾಂಡ್ ಹಿಲ್ಸಿನಲ್ಲಿದ್ದ ಅಪ್ಪನ ಆಫೀಸು ಕೊರೊನ ಬಂದ ಆ ವರ್ಷ ಬೆಡ್‌ರೂಮಿನೊಳಗೆ ಬಂದು ಕೂತಿತ್ತು. ಬಾಗಿಲ ಆಚೆಯಿಂದ ಇಡೀ ದಿನ ಅಪ್ಪನ ಇಂಗ್ಲಿಷು ಕೇಳುತ್ತಿತ್ತು, ಊಟದ ಹೊತ್ತಿಗೆ ಮಾತ್ರ ಆತ ಕನ್ನಡಕ್ಕೆ ಇಳಿಯುತ್ತಿದ್ದ. ಅಮ್ಮ ಊಟದ ಮೇಜಿನ ಒಂದು ತುದಿಯಲ್ಲಿ ಯಾವುದೋ ಪರೀಕ್ಷೆಗೆ ಓದುತ್ತಿದ್ದಳು. ಇನ್ನೊಂದು ತುದಿ ನನ್ನ ಏಳನೇ ಕ್ಲಾಸು. ಹಾಲ್‌ನ ಸೋಫಾ ರಾತ್ರಿ ಅಜ್ಜಿಯ ಹಾಸಿಗೆ, ಅದರ ಬುಡದ ಕಾರ್ಪೆಟ್ಟು ನನ್ನದು. ಅಡುಗೆಮನೆಯ ಕರೆಂಟಿನ ಒಲೆಯನ್ನು ಅಜ್ಜಿ ಕೊನೆಯ ತನಕ ಒಲೆ ಎಂದು ಒಪ್ಪಲಿಲ್ಲ. ಬೆಂಕಿ ಕಾಣಿಸದ್ದು ಎಂಥ ಒಲೆ ಎಂದು ಅದರ ಮುಖಕ್ಕೇ ಹೇಳುತ್ತಿದ್ದಳು.

ಅಜ್ಜಿ ಎಂದರೆ ಅಪ್ಪನ ತಾಯಿ. ಉಡುಪಿಯಿಂದ ಮೊಮ್ಮಗಳನ್ನು ನೋಡಿಕೊಂಡು ಹೋಗೋಣ ಎಂದು ಬಂದವಳು, ಎರಡು ಸಾವಿರದ ಇಪ್ಪತ್ತರಲ್ಲಿ ವಿಮಾನಗಳು ನಿಂತಾಗ ಇಲ್ಲೇ ಸಿಕ್ಕಿಬಿದ್ದಳು. ಆಗ ನನಗೆ ಹನ್ನೆರಡು. ಬೆಂಗಳೂರಿನಲ್ಲಿ ಮೂರನೇ ಕ್ಲಾಸಿನವರೆಗೆ ಓದಿ ಬಂದಿದ್ದ ನನ್ನ ಕನ್ನಡ ಒತ್ತಕ್ಷರದ ಹತ್ತಿರ ಬಂದು ಕುಂಟುತ್ತಿತ್ತು. ಅಜ್ಜಿ ಅದನ್ನು ಕೈಗೆತ್ತಿಕೊಂಡಳು. ಸಂಜೆ ಬಾಲ್ಕನಿಯಲ್ಲಿ ಕೂರಿಸಿ ಕಾಪಿ ಬರೆಸುತ್ತಿದ್ದಳು, ಫೋನಿನಲ್ಲಿ ಬರುವ ಪೇಪರನ್ನು ಗಟ್ಟಿಯಾಗಿ ಓದಿಸುತ್ತಿದ್ದಳು, ತಪ್ಪಿದರೆ ತಲೆಗೊಂದು ಮೊಟಕು, ಸರಿಯಾದರೆ ಬಾಯಿಗೊಂದು ಬೆಲ್ಲದ ಚೂರು. ನನ್ನ ವಾರಿಗೆಯ ಮಕ್ಕಳು ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಕಾಲದಲ್ಲಿ ನಾನು ಕನ್ನಡದಲ್ಲೇ ಜಗಳವಾಡುವಷ್ಟು ಗಟ್ಟಿಗಿತ್ತಿಯಾದೆ. ಈಗ ಇದನ್ನು ಬರೆಯುತ್ತಿರುವ ಕನ್ನಡ ಅಜ್ಜಿ ಕೊಟ್ಟದ್ದು. ಅವಳು ಕೊಟ್ಟ ಮಾತಿನಲ್ಲೇ ಅವಳ ಮಾತು ಹೇಳಬೇಕಾಗಿ ಬಂದಿರುವುದು ನನಗೆ ಸುಖದ ಕೆಲಸವಲ್ಲ.

ನಮ್ಮದು ಮೇಲಿನ ಮನೆ. ಹೊರಗಿನ ಮೆಟ್ಟಿಲು ಇಳಿದರೆ ಕೆಳಗಿನ ಮನೆಯಲ್ಲಿ ಮಂಜುಳಾ ಆಂಟಿ ಮತ್ತು ಅವರ ಮಗಳು ಸ್ನೇಹಾ. ಆಂಟಿ ಟೆಲಿಕಾಂ ಕಂಪನಿಯೊಂದರಲ್ಲಿ ಎಂಜಿನಿಯರ್. ಅಂಕಲ್ ಬೇರೆ ರಾಜ್ಯದಲ್ಲಿ ಕೆಲಸದಲ್ಲಿದ್ದರು, ಆ ವರ್ಷ ಬರುವುದಕ್ಕೇ ಆಗಲಿಲ್ಲ. ಸ್ನೇಹಾ ಇಲ್ಲೇ ಹುಟ್ಟಿದವಳು, ನನ್ನದೇ ಕ್ಲಾಸು. ಅಮ್ಮ ಮತ್ತು ಆಂಟಿಯ ನಡುವೆ ಮೆಟ್ಟಿಲ ಮೇಲಿನ ವ್ಯವಹಾರ ಜೋರಾಗಿತ್ತು. ಇಲ್ಲಿಂದ ದೋಸೆಹಿಟ್ಟು ಇಳಿಯುವುದು, ಅಲ್ಲಿಂದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಹತ್ತುವುದು. ಅಜ್ಜಿ ಬಂದ ಹೊಸದರಲ್ಲಿ ಆಂಟಿಯನ್ನು ಮೆಟ್ಟಿಲಲ್ಲಿ ನಿಲ್ಲಿಸಿ ಮಾತನಾಡಿಸಿದ್ದಳು. ನಾನು ಪಕ್ಕದಲ್ಲೇ ಇದ್ದೆ.

“ನಿಮ್ಮದು ಊರು ಎಲ್ಲಿ ಆಯ್ತು?”

“ಇಳಕಲ್ ಕಡೇರಿ.”

“ಹೌದಾ! ಸೀರೆ ವ್ಯಾಪಾರದವ್ರಾ?”

“ಅಲ್ರಿ ಅಜ್ಜಿ. ನಮ್ಮಜ್ಜಾರು ಚಪ್ಪಲ್ ಹೊಲೀತಿದ್ರು. ಅಪ್ಪಾರು ಸಾಲಿ ಮಾಸ್ತರಾದ್ರು. ನಾ ಇಲ್ಲಿ ಬಂದು ಹಿಂಗ ಕುಂತೀನಿ ನೋಡ್ರಿ.”

ಆಂಟಿ ನಗುತ್ತಲೇ ಹೇಳಿದ್ದರು. ಅಜ್ಜಿಯೂ ನಕ್ಕಳು. ನಕ್ಕು, ಮೊಣಕಾಲು ನೋವು ಎಂದು ಮೇಲೆ ಬಂದಳು. ಬಾಲ್ಕನಿಗೆ ನೀಲಿ ಬಕೆಟ್ ಬಂದದ್ದು ಅದೇ ವಾರ.

ಬಕೆಟ್ಟಿನಲ್ಲಿ ನೀರು, ನೀರಿಗೆ ಧಾರಾಳವಾಗಿ ವಿನೆಗರ್. ಆಂಟಿಯ ಮನೆಯಿಂದ ಡಬ್ಬಿ ಬಂದರೆ ಅದು ಅಡುಗೆಮನೆಗೆ ಹೋಗುವಂತಿಲ್ಲ. ಬಾಲ್ಕನಿಯಲ್ಲೇ ನಾನು ಅದರಲ್ಲಿದ್ದದ್ದನ್ನು ನಮ್ಮ ಪಾತ್ರೆಗೆ ಬಗ್ಗಿಸಬೇಕು, ಡಬ್ಬಿಯನ್ನು ಬಕೆಟ್ಟಿಗೆ ಇಳಿಬಿಡಬೇಕು, ಆಮೇಲೆ ನನ್ನ ಕೈಕಾಲು. ಕೊರೊನ ಎಂದು ಅಜ್ಜಿ ಹೇಳಿದಳು. ಹಾಲಿನ ಕ್ಯಾನಿನಿಂದ ಹಿಡಿದು ಬಾಳೆಹಣ್ಣಿನವರೆಗೆ ಎಲ್ಲವನ್ನೂ ಎಲ್ಲರೂ ಒರೆಸುತ್ತಿದ್ದ ಕಾಲ ಅದು, ಯಾರಿಗೆ ಅನುಮಾನ ಬರಬೇಕು? ಆದರೆ ಉಡುಪಿ ಕಡೆಯವರೇ ಆದ ಭಟ್ ಅಂಕಲ್ ಶನಿವಾರ ಶನಿವಾರ ಕಾರಿನಲ್ಲಿ ಬಂದು ಮೆಟ್ಟಿಲ ಬುಡದಲ್ಲಿ ಹುಳಿಯ ಡಬ್ಬಿ ಇಟ್ಟು ಹೋಗುತ್ತಿದ್ದರು. ಅದು ನೇರ ಒಳಗೆ ಹೋಗಿ ಒಲೆಯ ಪಕ್ಕ ಕೂರುತ್ತಿತ್ತು. ಅಮ್ಮ ಅದನ್ನು ನೋಡಿದ್ದಳು. ಒಮ್ಮೆ ಕೇಳಿಯೂ ಕೇಳಿದಳು. ಭಟ್ರ ಮನೆಯವರು ಬಹಳ ಕ್ಲೀನು ಎಂದು ಅಜ್ಜಿಯ ಉತ್ತರ. ವಿಮಾನ ಶುರುವಾದರೆ ಹೊರಡುವ ಹಿರಿಯರು, ಎದುರು ಮಾತು ಏಕೆ ಎಂದು ಅಮ್ಮ ಸುಮ್ಮನಾದಳು. ನಮ್ಮ ಮನೆಯಲ್ಲಿ ಇಂಥ ಸುಮ್ಮನಿರುವಿಕೆಗೆ ಹೊಂದಿಕೊಂಡು ಹೋಗುವುದು ಎಂದು ಹೆಸರು. ಅದನ್ನು ಒಂದು ಗುಣವೆಂದೇ ನನಗೆ ಕಲಿಸಿದ್ದರು.

ಆ ಡಬ್ಬಿಯ ಬಗ್ಗೆಯೂ ಹೇಳಬೇಕು. ದಪ್ಪ ಸ್ಟೀಲಿನದು, ಮುಚ್ಚಳ ಬಿಗಿ. ಮೈಮೇಲೆ ಪಾತ್ರೆ ಅಂಗಡಿಯವರು ಚುಕ್ಕೆ ಚುಕ್ಕೆಯಾಗಿ ಕೆತ್ತಿಕೊಡುವ ಅಕ್ಷರಗಳಲ್ಲಿ ‘ಸಂಗವ್ವ’ ಎಂದಿತ್ತು. ಒತ್ತಕ್ಷರ ಕಲಿಯುತ್ತಿದ್ದ ದಿನಗಳಲ್ಲಿ ಅಜ್ಜಿ ಅದನ್ನು ನನ್ನ ಕೈಯಲ್ಲಿ ಓದಿಸಿದ್ದಳು, ತಾನು ಮುಟ್ಟದೆ, ಬೆರಳಿನಿಂದ ದೂರದಿಂದಲೇ ತೋರಿಸಿ. ವ ಕೆಳಗೆ ವ ಒತ್ತು. ಸರಿಯಾಗಿ ಓದಿದೆನೆಂದು ಬೆಲ್ಲವೂ ಸಿಕ್ಕಿತು. ಸಂಗವ್ವ ಯಾರೆಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಆ ಚಳಿಗಾಲ ಶಾಲೆಯಲ್ಲಿ ಮಧ್ಯಯುಗದ ಇಂಗ್ಲೆಂಡಿನ ಪಾಠ. ಟೀಚರ್ ಮಿಸ್ ಡಯಾನಾ ಒಂದು ಸಣ್ಣ ಊರನ್ನು ಆರಿಸಿಕೊಂಡು, ಆ ಊರಿನ ಒಂದೊಂದು ವಸ್ತುವನ್ನು ಒಬ್ಬೊಬ್ಬರಿಗೆ ಹಂಚಿದ್ದರು. ಸ್ನೇಹಾಳಿಗೆ ಗಾಳಿಯಂತ್ರ ಬಂತು. ನನ್ನ ಪಾಲಿಗೆ ಮಾರ್ಕೆಟ್ ಕ್ರಾಸ್. ಸಂತೆ ಬೀದಿಯ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಕಲ್ಲಿನ ಜಗಲಿ, ಅದರ ಮಧ್ಯೆ ಒಂದು ಕಂಬ, ಕಂಬದ ತುದಿಯಲ್ಲಿ ಶಿಲುಬೆ. ಎಲ್ಲರಿಗೂ ಕೋಟೆ, ಕತ್ತಿ, ಕುದುರೆ ಎಂದು ಬಂದಿರುವಾಗ ನನಗೆ ಮಾತ್ರ ಒಂದು ಕಲ್ಲು ಎಂದು ಮುಖ ಊದಿಸಿಕೊಂಡು ಕೂತಿದ್ದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಲ್ಯಾಪ್‌ಟಾಪಿಗೆ ಬಗ್ಗಿದಳು.

“ಎಂತ ಮಗಾ, ಇದು ನಮ್ಮ ಸಂತೆಕಟ್ಟೆಯೇ ಅಲ್ವಾ ಮಾರಾಯ್ತಿ!”

“ಅಜ್ಜೀ, ಮೇಲೆ ಕ್ರಾಸ್ ಇದೆ, ನೋಡು.”

“ಇರ್ಲಿ. ಕೆಳಗೆ ಕಟ್ಟೆ ಉಂಟಲ್ಲ. ಜನ ಕೂರುದು ಕಟ್ಟೆ ಮೇಲೆ, ಶಿಲುಬೆ ಮೇಲೆ ಅಲ್ಲ.”

ಅಲ್ಲಿಂದ ಆ ಕಲ್ಲು ನಮ್ಮಿಬ್ಬರದ್ದಾಯಿತು. ಹಗಲು ನಾನು ಓದಿಕೊಳ್ಳುವುದು, ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿಗೆ ಹೇಳುವುದು. ಕಲ್ಲಿನ ಕತೆ ಎಲ್ಲಿಗೆ ನಿಂತಿತ್ತು ಎಂದು ಪುರಾಣದ ಮಧ್ಯೆ ಎದ್ದು ಹೋದವಳ ಹಾಗೆ ಕೇಳುತ್ತಿದ್ದಳು. ಕುರಿಯ ಉಣ್ಣೆಯಿಂದ ಊರಿಗೆ ನಾಲ್ಕು ಕಾಸು ಬಂದಾಗ ಊರವರು ಅದನ್ನು ಕಟ್ಟಿಸಿದ್ದು. ವಾರಕ್ಕೊಮ್ಮೆ ಸುತ್ತಲಿನ ಹಳ್ಳಿಯ ಹೆಂಗಸರು ಬೆಣ್ಣೆ, ಮೊಟ್ಟೆ, ಕೋಳಿ ತಂದು ಆ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮೆಟ್ಟಿಲು ನಡುವೆ ಸವೆದು ತಗ್ಗಾಗಿರುವುದು ಅವರು ಕೂತು ಕೂತು. ಶಿಲುಬೆಯ ಎದುರು ಕೈಗೆ ಕೈ ಹೊಡೆದು ಆಡಿದ ವ್ಯಾಪಾರಕ್ಕೆ ಮಾತು ತಪ್ಪುವಂತಿಲ್ಲ, ದೇವರು ನೋಡುತ್ತಿದ್ದಾನೆ. ರಾಜ ಸತ್ತರೂ ಸಾರುವುದು ಅಲ್ಲೇ, ಹೊಸಬ ಪಟ್ಟಕ್ಕೆ ಬಂದರೂ ಅಲ್ಲೇ. ಸುಳ್ಳು ತೂಕದವನನ್ನು ಕಟ್ಟಿಹಾಕಿ ಊರಿಗೆ ತೋರಿಸುವುದೂ ಅದರ ಬುಡದಲ್ಲೇ. ಮುಂದೆ ಧರ್ಮದ ಜಗಳ ಬಂತು. ವಿಗ್ರಹಪೂಜೆ ಪಾಪ ಎನ್ನುವ ಜನ ಸುತ್ತಿಗೆ ತಂದು ಶಿಲುಬೆಯ ತೋಳುಗಳನ್ನು ಒಡೆದು ಹಾಕಿದರು. ಬಹಳ ಕಾಲ ಬೋಳು ಕಂಬ. ಆಮೇಲೆ ಯಾರೋ ಪುಣ್ಯಾತ್ಮರು ಅದರ ತಲೆಗೆ ಒಂದು ಕಲ್ಲಿನ ಗುಂಡು ಕೂರಿಸಿ, ನಾಲ್ಕು ಮುಖಕ್ಕೂ ನೆರಳಿನ ಗಡಿಯಾರ ಕೆತ್ತಿಸಿದರು. ಗಾಡಿಗಳು ಹೆಚ್ಚಾದ ಮೇಲೆ ದಾರಿಗೆ ಅಡ್ಡ ಎಂದು ಅದನ್ನು ಕಿತ್ತರು. ಕಂಬ ಯಾರದೋ ತೋಟದ ಗೇಟಿಗೆ ಆಧಾರವಾಯಿತು. ಮತ್ತೆ ಊರವರಿಗೇ ಮನಸ್ಸು ತಡೆಯದೆ ಹುಡುಕಿ ತಂದು, ಸಂತೆಯ ಒಂದು ಮೂಲೆಯಲ್ಲಿ ನಿಲ್ಲಿಸಿದರು.

ತೋಳು ಮುರಿದ ಭಾಗ ಹೇಳಿದ ದಿನ ಅಜ್ಜಿ ಸೆರಗಿನಿಂದ ಕಣ್ಣೊತ್ತಿಕೊಂಡಳು.

“ಪಾಪ, ಕಲ್ಲಿನ ಮೇಲೆ ಎಂತ ಸಿಟ್ಟು ಜನರಿಗೆ!”

ಇದನ್ನು ನಾನು ತಮಾಷೆಗೆ ಬರೆಯುತ್ತಿಲ್ಲ. ಯಾವುದೋ ದೇಶದ, ಯಾವುದೋ ಧರ್ಮದ ಕಲ್ಲಿಗಾಗಿ ನನ್ನ ಅಜ್ಜಿ ನಿಜವಾಗಿ ಅತ್ತಳು. ಅವಳ ಕರುಣೆ ಸುಳ್ಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಮಾದರಿ ಮಾಡಿಕೊಟ್ಟವಳೂ ಅವಳೇ. ಮೈದಾಹಿಟ್ಟಿಗೆ ಉಪ್ಪು ಹಾಕಿ ಗಟ್ಟಿಯಾಗಿ ಕಲಸಿ ಮೆಟ್ಟಿಲು ತಟ್ಟಿದಳು, ಮುರಿದಿದ್ದ ಲಟ್ಟಣಿಗೆಯ ತುಂಡನ್ನು ಕಂಬವಾಗಿ ನೆಟ್ಟಳು. ಕೊನೆಗೆ ನಾನು ಕುಳಿಯ ವಿಷಯ ಹೇಳಿದೆ. ಆ ಊರಿಗೆ ಪ್ಲೇಗ್ ಬಂದಾಗ ಹಳ್ಳಿಯವರು ಊರೊಳಗೆ ಬರಲು ಹೆದರಿದರಂತೆ. ಕಾಳು, ಮೊಟ್ಟೆ, ಬೆಣ್ಣೆ ತಂದು ಕಲ್ಲಿನ ಮೆಟ್ಟಿಲ ಮೇಲೆ ಇಟ್ಟು ದೂರ ಸರಿದು ನಿಲ್ಲುವುದು. ಊರವರು ಬಂದು ಅದನ್ನು ಎತ್ತಿಕೊಂಡು, ಕಲ್ಲಿನಲ್ಲಿದ್ದ ಬಟ್ಟಲಿನಂಥ ಕುಳಿಯಲ್ಲಿ ನಾಣ್ಯ ಹಾಕುವುದು. ಕುಳಿಯ ತುಂಬ ವಿನೆಗರ್, ರೋಗ ನಾಣ್ಯಕ್ಕೆ ಅಂಟಿ ಹೋಗದಿರಲಿ ಎಂದು. ಪ್ಲೇಗ್ ತೊಲಗಿದ ಮೇಲೆ ಹಳ್ಳಿಯವರು ಮತ್ತೆ ಬಂದು ಅದೇ ಮೆಟ್ಟಿಲ ಮೇಲೆ ಒತ್ತೊತ್ತಾಗಿ ಕೂತರು, ಕುಳಿಯಲ್ಲಿ ಮಳೆನೀರು ನಿಂತು ಗುಬ್ಬಿಗಳು ಕುಡಿದವು. ಅಜ್ಜಿಗೆ ಗುಬ್ಬಿಗಳು ಕೇಳಿಸಲಿಲ್ಲ, ವಿನೆಗರ್ ಕೇಳಿಸಿತು.

“ನೋಡು! ಅವ್ರಿಗೂ ಮಡಿ ಗೊತ್ತಿತ್ತು!” ಎಂದು ಹಿಗ್ಗಿ, ಹಸಿ ಹಿಟ್ಟಿಗೆ ಹೆಬ್ಬೆರಳು ಒತ್ತಿ ಕುಳಿ ಮಾಡಿದಳು.

ನನಗೂ ಹಿಗ್ಗೇ. ಪುಸ್ತಕದಲ್ಲಿ ಇದ್ದದ್ದು ನಮ್ಮ ಬಾಲ್ಕನಿಯಲ್ಲಿ ನಡೆಯುತ್ತಿದೆ!

ಅದೇ ಹೊತ್ತಿಗೆ ಅಪ್ಪನಿಗೆ ಜ್ವರ ಬಂತು, ಅವನ ಹಿಂದೆ ಅಮ್ಮನಿಗೆ. ಇಬ್ಬರೂ ಬೆಡ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮಲಗಿದರು. ಅಜ್ಜಿ ಗಂಜಿ ಕಾಯಿಸಿ ಬಾಗಿಲ ಹೊರಗೆ ಇಡುತ್ತಿದ್ದಳು, ಶುಂಠಿ ಕಷಾಯ ಕುದಿಸುತ್ತಿದ್ದಳು, ಆ ವಯಸ್ಸಿನಲ್ಲಿ ರೋಗದ ಮನೆಯಲ್ಲಿ ಒಬ್ಬಳೇ ನಿಂತು ಎಲ್ಲ ಮಾಡಿದಳು. ಹೆದರಿದ್ದು ನಾನೊಬ್ಬಳೇ. ಸುದ್ದಿ ತಿಳಿದದ್ದೇ ಮಂಜುಳಾ ಆಂಟಿ ದಿನಾ ಮಧ್ಯಾಹ್ನ ಅಡುಗೆ ಇಟ್ಟು ಹೋಗತೊಡಗಿದರು. ಮೇಲಿನ ಮೆಟ್ಟಿಲ ಮೇಲೆ ಡಬ್ಬಿ ಇಟ್ಟು, ಕೆಳಗಿಳಿದು ನಿಂತು ಕೂಗುವರು.

“ರೊಟ್ಟಿ ಇಟ್ಟೀನ್ರಿ! ಅನಘಾ, ಅವ್ವ ಅಪ್ಪಗ ಬಿಸಿ ಇದ್ದಾಗಽ ಕೊಡವಾ!”

ಅಪ್ಪ ಅಮ್ಮ ಆ ದಿನಗಳಲ್ಲಿ ತಿಂದದ್ದು ಹೆಚ್ಚಿಗೆ ಆ ಅಡುಗೆಯನ್ನೇ. ಅಜ್ಜಿ ಮುಟ್ಟಲಿಲ್ಲ, ಮಗ ಸೊಸೆ ತಿನ್ನುವುದನ್ನು ತಡೆಯಲೂ ಇಲ್ಲ. ಡಬ್ಬಿ ಮಾತ್ರ ಎಂದಿನಂತೆ ಬಕೆಟ್ಟಿಗೆ.

ನನ್ನ ಪಾಠ ಒಪ್ಪಿಸುವ ದಿನ ಬಂತು. ಲ್ಯಾಪ್‌ಟಾಪಿನ ಪರದೆಯ ತುಂಬ ಸಹಪಾಠಿಗಳ ಚೌಕಗಳು. ಸ್ನೇಹಾಳ ಚೌಕದಲ್ಲಿ ಅವಳ ಹಿಂದೆ ಅದೇ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಆಂಟಿಯ ಭುಜ, ಚಹಾದ ಕಪ್ಪು ಹಿಡಿದ ಕೈ. ನಾನು ಮಾದರಿ ತೋರಿಸಿ ಕತೆಯೆಲ್ಲ ಹೇಳಿ ಕುಳಿಯ ಹತ್ತಿರ ಬಂದು, ನಮ್ಮಜ್ಜಿಯೂ ಹೀಗೇ ಮಾಡುತ್ತಾಳೆ ಎಂದೆ. ಮಿಸ್ ಡಯಾನಾ ಬೆರಗಾಗಿ, ತೋರಿಸುತ್ತೀಯಾ ಎಂದರು. ತೋರಿಸದೆ ಇರುತ್ತೇನೆಯೇ? ಲ್ಯಾಪ್‌ಟಾಪ್ ಎತ್ತಿಕೊಂಡು ಬಾಲ್ಕನಿಗೆ ಓಡಿದೆ. ಬಕೆಟ್ಟಿನಲ್ಲಿ ಆಂಟಿಯ ಡಬ್ಬಿ ಮುಳುಗಿ ಕೂತಿತ್ತು. ಬಿಸಿಲಿಗೆ ಸಂಗವ್ವ ಎಂಬ ಚುಕ್ಕೆಗಳು ನೀರಿನೊಳಗಿಂದ ಹೊಳೆಯುತ್ತಿದ್ದವು. ಅಜ್ಜಿ ಪಕ್ಕದಲ್ಲೇ ಬಟ್ಟೆ ಹರವುತ್ತಿದ್ದಳು. ನಿಮ್ಮ ಅಜ್ಜಿಯನ್ನೇ ಕೇಳು, ಅವರ ಮಾತಿನಲ್ಲೇ ಕೇಳೋಣ ಎಂದರು ಟೀಚರ್.

“ಅಜ್ಜೀ, ಇದನ್ನು ಯಾಕೆ ವಿನೆಗರಿಗೆ ಹಾಕೋದು ಅಂತ ಟೀಚರ್ ಕೇಳ್ತಿದಾರೆ.”

ಅಜ್ಜಿ ಸೆರಗು ಸರಿಮಾಡಿಕೊಂಡು ಪರದೆಗೆ ಕೈ ಮುಗಿದಳು. ಪರದೆಯಲ್ಲಿ ಇದ್ದವರೆಲ್ಲ ಅವಳ ಲೆಕ್ಕದಲ್ಲಿ ಅಮೆರಿಕದವರು, ಕನ್ನಡ ಬಾರದವರು. ಹಾಗಾಗಿ ನನಗೆ ಹೇಳುವಂತೆ, ನಿಧಾನವಾಗಿ, ನಗುನಗುತ್ತಲೇ ಹೇಳಿದಳು.

“ಅವ್ರಿಗೆ ಕೊರೊನಕ್ಕೆ ಅಂತ ಹೇಳು ಮಗಾ. ಕೊರೊನಕ್ಕೆ ಅಲ್ಲ, ಅದು ಕೆಳಗಿನ ಮನೆಯವ್ರದ್ದಲ್ವಾ, ಅದಕ್ಕೆ. ಅವ್ರ ಜಾತಿ ಯಾವುದು ಅಂತ ಗೊತ್ತುಂಟಲ್ಲ. ಭಟ್ರ ಮನೆ ಡಬ್ಬಿ ಆದ್ರೆ ನಾನು ಹಾಕ್ತೇನಾ?”

ಚೌಕಗಳೆಲ್ಲ ಮುಗುಳ್ನಗುತ್ತಿದ್ದವು. ಒಬ್ಬ ಹುಡುಗ ಕೈ ಬೀಸಿದ. ಒಂದೇ ಒಂದು ಚೌಕದಲ್ಲಿ ಚಹಾದ ಕಪ್ಪು ಅರ್ಧಕ್ಕೆ ನಿಂತಿತ್ತು. ಅಜ್ಜಿ ಏನು ಹೇಳಿದರು ಎಂದು ಟೀಚರ್ ಕೇಳಿದರು. ನನಗೆ ಸುಳ್ಳು ಹೇಳಲೂ ಬರಲಿಲ್ಲ, ನಿಜ ಹೇಳಲೂ ಬರಲಿಲ್ಲ. ಆಗ ಸ್ನೇಹಾ ಮೈಕು ಹಾಕಿಕೊಂಡಳು.

“ಇಟ್ಸ್ ಜಸ್ಟ್ ಫಾರ್ ದ ವೈರಸ್, ಮಿಸ್,” ಎಂದಳು. ವೈರಸ್ಸಿಗೆ, ಅಷ್ಟೇ. ಅವಳ ಚೌಕ ಕಪ್ಪಾಯಿತು.

ನಮ್ಮ ಮನೆಯ ಮಾನ ಕಾಪಾಡಿದವಳು ಅವಳು. ಅವಮಾನ ಆದದ್ದು ಅವಳಿಗೆ, ಮುಚ್ಚಿಟ್ಟದ್ದೂ ಅವಳೇ. ಬೈದಿದ್ದರೆ, ಕ್ಯಾಮೆರಾದ ಎದುರೇ ಅತ್ತಿದ್ದರೆ ನನಗೆ ಅಡಗಿಕೊಳ್ಳಲು ಒಂದು ಜಾಗ ಸಿಗುತ್ತಿತ್ತೇನೋ. ಇಷ್ಟು ವರ್ಷದ ಮೇಲೂ ಆ ಒಂದು ವಾಕ್ಯ ನೆನಪಾದರೆ ಕೂತಲ್ಲೇ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಮಾರನೆಯ ದಿನ ಊಟ ಬರುವುದಿಲ್ಲ ಎಂದುಕೊಂಡಿದ್ದೆ. ಬಂತು. ಅದೇ ಹೊತ್ತಿಗೆ, ಅದೇ ಮೆಟ್ಟಿಲ ಮೇಲೆ, ಅದೇ ದನಿಯಲ್ಲಿ.

“ರೊಟ್ಟಿ ಇಟ್ಟೀನ್ರಿ! ಫಾಯಿಲ್ ಟ್ರೇ ಅದ, ಉಂಡು ಒಗದುಬಿಡ್ರಿ. ತೊಳಿಯೋ ತ್ರಾಸ ಬ್ಯಾಡ.”

ಜ್ವರ ಇಳಿದು ಆ ದಿನವೇ ಎದ್ದು ಬಂದಿದ್ದ ಅಮ್ಮ ಬೆಳ್ಳಗೆ ಹೊಳೆಯುವ ಆ ಬಿಸಾಡುವ ಟ್ರೇ ನೋಡಿದಳು, ನನ್ನ ಮುಖ ನೋಡಿದಳು. ನಾನು ಎಲ್ಲ ಹೇಳಿದೆ. ಅಮ್ಮ ಗೋಡೆ ಹಿಡಿದುಕೊಂಡೇ ಬಾಲ್ಕನಿಗೆ ಹೋಗಿ ಬಕೆಟ್ಟಿನ ನೀರು ಚೆಲ್ಲಿದಳು. ಚೆಲ್ಲಿದ ಸದ್ದಿಗೆ ಅಜ್ಜಿ ಹೊರಗೆ ಬಂದಳು. ಆ ಮನೆಯಲ್ಲಿ ನಾನು ಕೇಳಿದ ಒಂದೇ ಒಂದು ದೊಡ್ಡ ಜಗಳ ಅದು. ದೊಡ್ಡದೆಂದರೂ ಎಲ್ಲ ಪಿಸುಮಾತಿನಲ್ಲಿ.

“ಅತ್ತೆ, ಆ ಇಂಗ್ಲೆಂಡಿನವ್ರು ರೋಗ ಹೋದ್ಮೇಲೆ ವಿನೆಗರ್ ಚೆಲ್ಲಿದ್ರಂತೆ. ನೀವು ನಮ್ಮನೆಗೆ ರೋಗ ಬರೋಕೆ ಮುಂಚೇನೇ ತುಂಬಿಸಿಟ್ರಿ.”

“ನಾನು ಯಾರಿಗಾದ್ರೂ ಬೈದಿದ್ದೇನಾ? ನನ್ನಷ್ಟಕ್ಕೆ ನಾನು ಮಾಡಿದ್ದು.”

“ಅವರಿಗೆ ಗೊತ್ತಾಯ್ತಲ್ಲ!”

“ಎಪ್ಪತ್ತು ದಾಟಿತು ನಂಗೆ. ಈಗ ಕೈಗೆ ಬೇರೆ ಕಲಿಸ್ಲಿಕ್ಕೆ ಆಗ್ತದಾ? ತಲೆ ಒಪ್ಪಿದ್ರೂ ಕೈ ಕೇಳುದಿಲ್ಲ.”

ಬೆಡ್‌ರೂಮಿನ ಬಾಗಿಲ ಹಿಂದಿನಿಂದ ಅಪ್ಪನ ಕೆಮ್ಮು, ಕೆಮ್ಮಿನ ಮಧ್ಯೆ ಮಾತು ಬಂತು.

“ಸಾಕು ಮಾಡಿ ಮಾರಾಯ್ರೆ. ಕೆಳಗೆ ಕೇಳಿಸ್ತದೆ.”

ಮಾಡಿದ್ದಕ್ಕಲ್ಲ, ಕೇಳಿಸುವುದಕ್ಕೆ. ನಮ್ಮ ಮನೆಯ ನಾಚಿಕೆ ಯಾವಾಗಲೂ ಅಷ್ಟರಲ್ಲೇ ಇರುತ್ತಿತ್ತು. ಅಮ್ಮನಿಗೂ ಅದು ಗೊತ್ತಿತ್ತು. ತಾನೂ ತಿಂಗಳುಗಟ್ಟಲೆ ನೋಡಿ ಸುಮ್ಮನಿದ್ದವಳೇ ಅಲ್ಲವೇ? ಅವಳು ಫಾಯಿಲಿನಿಂದ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, ಒಂದು ರುಚಿಯೂ ಗೊತ್ತಾಗುತ್ತಿಲ್ಲ ಎಂದು ಅಳತೊಡಗಿದಳು. ಜ್ವರದಿಂದ ನಾಲಿಗೆ ಸತ್ತಿತ್ತು, ಅದು ನಿಜ.

ಡಬ್ಬಿ ನಮ್ಮಲ್ಲೇ ಉಳಿಯಿತು. ಬಂದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದು, ಇದು ಎರಡೂ ಮನೆಗೆ ಗೊತ್ತಿರುವ ಪದ್ಧತಿ. ಏನು ತುಂಬುವುದು ಎನ್ನುವಲ್ಲಿ ಅಮ್ಮ ಸಿಕ್ಕಿಬಿದ್ದಳು. ಚಕ್ಕುಲಿ ಕೊಟ್ಟರೆ ಏನೂ ಆಗೇ ಇಲ್ಲ ಎಂಬಂತೆ ಆಗುತ್ತದೆ. ಸಿಹಿ ಕೊಟ್ಟರೆ ಬಾಯಿ ಮುಚ್ಚಿಸಲು ಕೊಟ್ಟಂತೆ. ಡಬ್ಬಿ ಕಪಾಟಿನಿಂದ ಇಳಿಯುವುದು, ಮತ್ತೆ ಹತ್ತುವುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಡಬ್ಬಿಗೇ ಹೇಳುತ್ತಿದ್ದಳು. ವಿಮಾನ ಶುರುವಾಗಿ ಅಜ್ಜಿ ಹೊರಟ ದಿನ, ಕೆಳಗಿನವರಿಗೆ ಹೇಳಿ ಬರುತ್ತೇನೆ ಎಂದು ಒಳ್ಳೆ ಸೀರೆ ಉಟ್ಟು ಮೆಟ್ಟಿಲಿಳಿದಳು. ಅರ್ಧಕ್ಕೆ ನಿಂತು, ಸ್ವಲ್ಪ ಹೊತ್ತು ಕಂಬಿ ಹಿಡಿದುಕೊಂಡು, ಹಿಂದೆ ಬಂದಳು. ಮೊಣಕಾಲು ನೋವು ಎಂದಳು. ನಮಗೆ ಯಾರಿಗೂ ನಂಬಿಕೆ ಬರಲಿಲ್ಲ, ಅವಳಿಗೂ ಬಂದಂತೆ ಕಾಣಲಿಲ್ಲ. ಆಂಟಿಯ ಕೆಲಸ ಸ್ಯಾನ್ ಡಿಯಾಗೋ ಪಕ್ಕದ ಪೊವೇಗೆ ಬದಲಾಗಿ ಅವರು ಮನೆ ಖಾಲಿ ಮಾಡುವ ಬೆಳಗ್ಗೆ ಅಮ್ಮ ಕೊನೆಗೂ ಡಬ್ಬಿಗೆ ಕೊಬ್ಬರಿ ಮಿಠಾಯಿ ತುಂಬಿದಳು. ಕಿಟಕಿಯ ಹತ್ತಿರ ಡಬ್ಬಿ ಹಿಡಿದು ನಿಂತಳು, ಲಾರಿ ತುಂಬುವ ತನಕ, ಕಾರು ಸ್ಟಾರ್ಟಾಗುವ ತನಕ, ತಿರುವಿನಲ್ಲಿ ಮರೆಯಾಗುವ ತನಕ. ಆ ಮಿಠಾಯಿಯನ್ನು ಒಂದು ವಾರ ನಾವೇ ತಿಂದೆವು.

ಈಗ ನಾನು ಸ್ಯಾನ್ ಡಿಯಾಗೋದಲ್ಲಿ ಕಾಲೇಜಿಗೆ ಸೇರಿದ್ದೇನೆ. ಹೊರಡುವಾಗ ಸೂಟ್‌ಕೇಸಿನಲ್ಲಿ ಬಟ್ಟೆಯ ಮಡಿಕೆಯ ನಡುವೆ ಅಮ್ಮ ಡಬ್ಬಿ ಇಟ್ಟಳು. ನಿನಗೆ ಪೊವೇ ಹತ್ತಿರವಲ್ಲವಾ ಎಂದಳು, ಅಷ್ಟೇ. ಹಾಸ್ಟೆಲ್ಲಿನ ಮೈಕ್ರೊವೇವಿನಲ್ಲಿ ಅವಲಕ್ಕಿ ಗರಿಗರಿ ಮಾಡಿ, ಒಗ್ಗರಣೆ ಹಾಕಿ, ಡಬ್ಬಿಗೆ ತುಂಬಿ ಒಂದು ಭಾನುವಾರ ಹೋದೆ. ಬಾಗಿಲು ತೆರೆದ ಮಂಜುಳಾ ಆಂಟಿಯ ಕೂದಲು ಅರ್ಧ ಬೆಳ್ಳಗಾಗಿತ್ತು.

“ಅನಘಾ ಅಲ್ಲೇನ? ಎಷ್ಟ ದೊಡ್ಡಾಕಿ ಆಗೀಯವಾ! ಬಾ, ಒಳಗ ಬಾ.”

ಸ್ನೇಹಾ ಉತ್ತರದ ಕಡೆ ಓದಲು ಹೋಗಿದ್ದಾಳೆ ಎಂದರು. ನಾನು ಡಬ್ಬಿ ಮೇಜಿನ ಮೇಲಿಟ್ಟೆ. ಅವರು ಮುಚ್ಚಳ ತೆಗೆದು ಒಂದು ಚಿಟಿಕೆ ಅವಲಕ್ಕಿ ಬಾಯಿಗೆ ಹಾಕಿಕೊಂಡು, ಉಪ್ಪು ಕಡಿಮೆಯಾಗಿದೆ ಎಂದರು. ಉಳಿದದ್ದನ್ನು ಒಂದು ತಟ್ಟೆಗೆ ಸುರಿದು, ಡಬ್ಬಿಯನ್ನು ತಿರುಗಿಸಿ ಚುಕ್ಕೆಗಳ ಮೇಲೆ ಹೆಬ್ಬೆರಳು ಆಡಿಸಿದರು.

“ನಮ್ಮವ್ವನ ಹೆಸರು ಇದು. ಆಕಿ ಡಬ್ಬಿ. ಇಲ್ಲಿಗೆ ಬರೂ ಮುಂದ ರೊಟ್ಟಿ ಕಟ್ಟಿ ಕೊಟ್ಟಿದ್ಲು. ಅವ್ವ ಹೋದಾಗ ಊರಿಗೆ ಹೋಗಾಕ ಆಗ್ಲಿಲ್ಲ ನೋಡವಾ, ಆ ಕೊರೊನದ ಎರಡನೇ ಅಲಿಯೊಳಗ. ಡಬ್ಬಿ ನಿಮ್ಮನ್ಯಾಗ ಇತ್ತು, ನಮ್ಮ ತಲಿ ಮ್ಯಾಲ.”

“ಕೇಳಬಹುದಿತ್ತಲ್ಲ ಆಂಟಿ,” ಎಂದೆ.

“ಹ್ಯಾಂಗ ಕೇಳ್ಲಿ? ಕೇಳಿದ್ರ ನಿಮ್ಮವ್ವಗ ನಾಚಿಕಿ ಆಗ್ತಿತ್ತಲ್ಲ.”

ತಾಯಿಯನ್ನು ಕಳೆದುಕೊಂಡು ಕೆಳಗಿನ ಮನೆಯಲ್ಲಿ ಅವರು ಕೂತಿದ್ದಾಗ, ಮೇಲಿನ ಮನೆಯಲ್ಲಿ ನಾವು ಆ ಡಬ್ಬಿಗೆ ಏನು ತುಂಬುವುದೆಂದು ಯೋಚಿಸುತ್ತಿದ್ದೆವು. ಕ್ಷಮಿಸಿ ಎಂದೆ. ಅವರು ಊಟ ಮಾಡು ಎಂದರು. ಸ್ಟೀಲಿನ ತಟ್ಟೆಯಲ್ಲಿ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಉಂಡೆ. ಹೊರಡುವಾಗ ರಾತ್ರಿಗೆ ಕಟ್ಟಿಕೊಡುತ್ತೇನೆ ಎಂದು ಅಡುಗೆಮನೆಗೆ ಹೋದರು. ಸಂಗವ್ವನ ಡಬ್ಬಿಯನ್ನು ಎತ್ತರದ ಕಪಾಟಿಗಿಟ್ಟು, ಕೆಳಗಿನ ಡ್ರಾಯರ್ ಎಳೆದು ಫಾಯಿಲ್ ಟ್ರೇ ತೆಗೆದರು.

ಹಾಸ್ಟೆಲ್ಲಿನ ಹುಡುಗಿಗೆ ಯಾರಾದರೂ ಅದರಲ್ಲೇ ಕೊಡುತ್ತಾರೆ. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲವೇನೋ. ಆದರೂ ನಾನು ಅಡುಗೆಮನೆಯ ಬಾಗಿಲಿಗೆ ಹೋದೆ.

“ಆಂಟಿ, ಡಬ್ಬೀಲೇ ಕೊಡಿ. ಯಾವುದಾದ್ರೂ ಸರಿ. ತೊಳೆದು ತಂದುಕೊಡ್ತೀನಿ.”

ತೊಳೆದು ಎಂಬ ಮಾತು ಬಾಯಿಂದ ಬಿದ್ದಮೇಲೆ ನಾಲಿಗೆ ಕಚ್ಚಿಕೊಂಡೆ. ಆಂಟಿ ಟ್ರೇಯನ್ನು ಡ್ರಾಯರಿಗೆ ಹಾಕಿ ಮುಚ್ಚಿದರು. ಹೊಸ ಸ್ಟೀಲಿನ ಡಬ್ಬಿಯೊಂದನ್ನು ತೆಗೆದು ರೊಟ್ಟಿ ಮಡಿಸಿಟ್ಟರು, ಮೇಲೆ ಪಲ್ಯ ಹಾಕಿದರು. ಬಾಗಿಲ ತನಕ ಬಂದು ನನ್ನ ಎರಡೂ ಕೈಗೆ ಕೊಟ್ಟರು.

“ತೊಳೀಬ್ಯಾಡ,” ಎಂದರು. “ಉಂಡು ಹಂಗಽ ತಗೊಂಡ ಬಾ. ನಮ್ಮನಿ ಡಬ್ಬಿ, ನಮ್ಮನ್ಯಾಗ ನಾ ತೊಳ್ಕೋತೀನಿ.”

ರಾತ್ರಿ ಊಟವಾಯಿತು. ಡಬ್ಬಿಯ ತಳದಲ್ಲಿ ಎಣ್ಣೆ, ಶೇಂಗಾಪುಡಿ, ಒಂದು ಚೂರು ರೊಟ್ಟಿ ಅಂಟಿಕೊಂಡಿತ್ತು. ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು, ಲೋಟ ತೊಳೆಯಲು ಸಿಂಕಿಗೆ ಹೋದೆ. ನಲ್ಲಿ ತಿರುಗಿಸಿ ನೋಡಿದರೆ ಎಡಗೈಯಲ್ಲಿ ಡಬ್ಬಿ ಇದೆ. ಯಾವಾಗ ಎತ್ತಿಕೊಂಡೆ, ಗೊತ್ತಿಲ್ಲ. ತಲೆ ಒಪ್ಪಿದರೂ ಕೈ ಕೇಳುವುದಿಲ್ಲ ಎಂದಿದ್ದಳು ಅಜ್ಜಿ. ನಲ್ಲಿ ನಿಲ್ಲಿಸಿ, ಒದ್ದೆ ತಾಗದ ಹಾಗೆ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತೆ, ನನ್ನ ಕೈಯನ್ನೇ ನೋಡುತ್ತ. ಅದು ಅವಳದೇ ಕೈ.